ಮೇಜಿನಡಿಯ ಬ್ರೇಕು

ರೇಸು ಬಿಟ್ಟು ಟಿವಿಯಲ್ಲಿ ಕಾಮೆಂಟರಿ ಹೇಳಲು ಕೂತ ಮೇಲೂ ಅವನ ಬಲಗಾಲಿಗೆ ಮಾತ್ರ ನಿವೃತ್ತಿಯಾಗಿರಲಿಲ್ಲ. ಪರದೆಯ ಮೇಲೆ ಯಾವ ಕಾರು ತಿರುವಿಗೆ ಬಂದರೂ ಅದು ಮೇಜಿನಡಿ ಧಡ್ಡನೆ ಇಲ್ಲದ ಬ್ರೇಕು ಒತ್ತುತ್ತಿತ್ತು. ಸದ್ದು ಮೈಕಿಗೆ ಸಿಗುತ್ತದೆಂದು ಟಿವಿಯವರು ಅಲ್ಲಿ ದಪ್ಪ ರಬ್ಬರು ಹಾಸಿದ್ದರು. ಅರ್ಧ ಆಯುಷ್ಯ ಕಾರು ಓಡಿಸಿದವನನ್ನು ಕುರ್ಚಿಗೆ ಕಟ್ಟಿಹಾಕಿದರೆ ಇನ್ನೇನಾಗುತ್ತದೆ!

ಇವತ್ತಂತೂ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಅವನ ಮಗಳು. ಗೆದ್ದರೆ ದೊಡ್ಡ ತಂಡದಲ್ಲಿ ಜಾಗ. ಸೋತರೆ ಮುಂದಿನ ವರ್ಷ ಮನೆಯೇ ಗತಿ. ಅವನ ಕೆಲಸವೂ ತೂಗುಯ್ಯಾಲೆಯಲ್ಲಿತ್ತು. "ಮಗಳ ಕಾರು ಬಂದ್ರೆ ಸಾಕು, ಬಾಯಿಗೆ ಬೀಗ ಹಾಕ್ಕೋತೀರಿ. ನಿಮ್ಮ ಮೌನ ಕೇಳೋಕೆ ಜನ ಟಿವಿ ಹಾಕಲ್ಲ," ಎಂದು ನಿರ್ಮಾಪಕಿ ಬೆಳಿಗ್ಗೆಯೇ ಚುಚ್ಚಿದ್ದಳು.

ಕೊನೆಯ ಕೆಲವೇ ಸುತ್ತುಗಳು ಉಳಿದಿದ್ದವು. ಮಗಳ ಬೆನ್ನಿಗೇ ಒಂದು ಹಳದಿ ಕಾರು, ಹತ್ತಿರ ಬರುವುದು, ಧೈರ್ಯ ಸಾಲದೆ ಹಿಂದುಳಿಯುವುದು. ಆಗ ಅವನ ಕಿವಿ ನಿಮಿರಿತು. ಇಳಿಜಾರಿನ ತಿರುವಿಗೆ ಮುಂಚೆ ಮಗಳ ಎಂಜಿನ್ನಿನ ಸದ್ದು ಚೂರು ಬೇಗ ತಗ್ಗಿತ್ತು. ಮುಂದಿನ ಸುತ್ತಿನಲ್ಲೂ ಅಷ್ಟೇ. ಬ್ರೇಕು ಕಾದು ಸೋತಾಗ ಆಕ್ಸಿಲರೇಟರಿನಿಂದ ಮೊದಲೇ ಕಾಲು ತೆಗೆದು, ಯಾರಿಗೂ ಸುಳಿವು ಕೊಡದೆ ಕಾರನ್ನು ದಡ ಸೇರಿಸುವ ಉಪಾಯ ಅದು. ಅವಳಿಗೆ ಅದನ್ನು ಕಲಿಸಿದ್ದೇ ಅವನು.

"ನಿಮ್ಮ ಮಗಳು ಆರಾಮಾಗಿ ಓಡಿಸ್ತಿದಾಳೆ, ಅಲ್ವಾ?" ಎಂದ ಪಕ್ಕದ ಕುರ್ಚಿಯ ನಿರೂಪಕ. ಸ್ಕೂಟರನ್ನೂ ನೆಟ್ಟಗೆ ಓಡಿಸದ ಆಸಾಮಿ.

ಅವನಿಗೆ ಮೈಯುರಿಯಿತು. "ಆರಾಮಾ? ಅವಳ ಬ್ರೇಕ್ ಸತ್ತಿದೆ ಕಣ್ರೀ! ಇಳಿಜಾರಲ್ಲಿ ನೋಡಿ, ಮೊದ್ಲೇ ಕಾಲು ತೆಗೀತಿದಾಳೆ. ಅಲ್ಲಿ ತಿರುವಿನ ಒಳಗಡೆಯಿಂದ ಯಾರಾದ್ರೂ ನುಗ್ಗಿದ್ರೆ ಅವಳ ಕೈಲಿ ತಡೆಯೋಕಾಗಲ್ಲ. ಆದ್ರೂ ಕಾರನ್ನ ಹೇಗೆ ಹಿಡಿದಿದಾಳೆ ನೋಡಿ!"

ಮಾತು ಎಂದೂ ಇಷ್ಟು ಸಲೀಸಾಗಿ ಬಂದಿರಲಿಲ್ಲ. "ಭೇಷ್! ಹೀಗೇ ಮಾತಾಡಿ," ಎಂದಳು ಕಿವಿಯ ಹೆಡ್‌ಫೋನಿನಲ್ಲಿ ನಿರ್ಮಾಪಕಿ. ಅವನು ಹಿಗ್ಗಿಹೋದ.

ಪ್ರತಿ ತಂಡದ ಶೆಡ್ಡಿನಲ್ಲೂ ಟಿವಿ ಹಾಕಿಕೊಂಡಿರುತ್ತಾರೆ. ಅವನೂ ತನ್ನ ಕಾಲದಲ್ಲಿ ಆ ಟಿವಿಯ ಮಾತು ಹಿಡಿದು ಗೆದ್ದವನೇ. ಅದು ನೆನಪಾಗುವಷ್ಟರಲ್ಲಿ ಪರದೆಯ ಮೇಲೆ ಹಳದಿ ತಂಡದ ಮುಖ್ಯಸ್ಥ ಹೆಡ್‌ಫೋನ್ ಒತ್ತಿಹಿಡಿದು ತನ್ನ ಚಾಲಕನಿಗೆ ಏನೋ ಹೇಳುತ್ತಿದ್ದ. ಕೊನೆಯ ಸುತ್ತಿನಲ್ಲಿ, ಅದೇ ಇಳಿಜಾರಿನಲ್ಲಿ, ಹಳದಿ ಕಾರು ಒಳಗಡೆಯಿಂದ ನುಗ್ಗಿತು.

ಮಗಳು ಎರಡನೆಯವಳಾದಳು.

ಬೆವರಿನ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ ಕಾಮೆಂಟರಿ ಕೋಣೆಗೆ ಬಂದವಳು ಬಾಗಿಲಲ್ಲೇ ನಿಂತಳು. "ಮೈಕ್ ಆಫ್ ಆಗಿದ್ಯಾ?"

"ಹೂಂ," ಎಂದ.

"ಬ್ರೇಕ್ ವಿಷ್ಯ ನಮ್ಮ ತಂಡದೋರಿಗೂ ಹೇಳಿರ್ಲಿಲ್ಲ. ಹೇಳಿದ್ರೆ ಕಾರು ನಿಲ್ಸು ಅಂತಿದ್ರು. ನಿನಗೊಬ್ಬನಿಗೆ ಗೊತ್ತಾಗತ್ತೆ ಅನ್ನೋದು ಗೊತ್ತಿತ್ತು. ಗೊತ್ತಾದ್ರೇನಂತೆ, ಅಪ್ಪ ತಾನೇ, ಅನ್ಕೊಂಡಿದ್ದೆ."

ಅವಳು ಇಳಿದು ಹೋದಳು. ಕೂಗಿ ಕರೆಯಬೇಕೆಂದು ಅವನು ಬಾಯಿ ತೆರೆದಾಗ ಕಿವಿಯಲ್ಲಿ ನಿರ್ಮಾಪಕಿಯ ದನಿ ಬಂತು: "ಮುಂದಿನ ವರ್ಷಾನೂ ನೀವೇ, ಸಾರ್!"

ಮೇಜಿನಡಿ ಬಲಗಾಲು ರಬ್ಬರನ್ನು ಒತ್ತಿಕೊಂಡೇ ಇತ್ತು.