ನಾಲ್ಕು ಬ್ಲೇಡಿನ ಸಂದು

ಇಂಜಿನ್ನು ಟಪ್ ಟಪ್ ಅಂದಾಗಲೆಲ್ಲ ಹಿಂದಿನ ಸೀಟಿನಿಂದ ಪಕ್ಕೀರಪ್ಪನ ಹೆಗಲಿಗೆ ಬೆತ್ತದ ಏಟು ಬೀಳುತ್ತಿತ್ತು. ಸದ್ದು ಮಾಡುವುದು ಕಾರು, ಏಟು ತಿನ್ನುವುದು ಡ್ರೈವರು. ವೀರನಗೌಡರ ಮನೆಯ ನ್ಯಾಯವೇ ಹಾಗೆ. ಹನ್ನೊಂದು ವರ್ಷ ಆ ಅಂಬಾಸಿಡರ್ ಓಡಿಸಿ ಅವನ ಎಡ ಹೆಗಲು ಕಪ್ಪುಗಟ್ಟಿತ್ತು. ಕಾರಿನ ಮೀಟರು ಪೂರ್ತಿ ತಿರುಗಿ ಸೊನ್ನೆಗೆ ಬಂದು, ಮತ್ತೆ ಮೊದಲಿನಿಂದ ಓಡತೊಡಗಿತ್ತು. ಗೌಡರಿಗೆ ಮಾತ್ರ ಅದು ಹೊಸ ಕಾರಿನ ಹಾಗೆ ಸದ್ದಿಲ್ಲದೆ ಹೋಗಬೇಕು. ಮಗಳನ್ನು ನೋಡಲು ದಾವಣಗೆರೆಯಿಂದ ಗಂಡಿನವರು ಬರುವವರಿದ್ದರು.

"ಮಕ್ತುಂ ಸಾಬನ ಕಡೆ ಒಯ್ಯಲೇ," ಅಂದರು ಗೌಡರು.

ಮಕ್ತುಂ ಸಾಬನ ಗ್ಯಾರೇಜು ಎಂದರೆ ಕೊಟ್ಟೂರು ರಸ್ತೆಯ ಬದಿಯ ಒಂದು ತಗಡಿನ ಚಪ್ಪರ. ಇಂಜಿನ್ನು ತಣ್ಣಗಾಗುವ ತನಕ ಕಾದು, ಮೇಲಿನ ಮುಚ್ಚಳ ಬಿಚ್ಚಿ, ಅವನು ಗಡ್ಡ ಹೆರೆಯುವ ಹಳೆಯ ಬ್ಲೇಡು ನಾಲ್ಕನ್ನು ಜೋಡಿಸಿ ಹಿಡಿದ. ಅಳತೆಯ ಗೇಜು ಅವನ ಹತ್ತಿರ ಎಲ್ಲಿಯದು? ವಾಲ್ವಿನ ತಲೆಗೂ ಅದನ್ನು ಒತ್ತುವ ರಾಕರಿಗೂ ನಡುವೆ ನಾಲ್ಕು ಬ್ಲೇಡು ಬಿಗಿಯಾಗಿ ಜಾರಿದರೆ ಸಂದು ಸರಿ ಎಂದು ಲೆಕ್ಕ. ಹ್ಯಾಂಡಲ್ ಹಾಕಿ ಇಂಜಿನ್ನು ತಿರುಗಿಸುತ್ತ, ಎಂಟೂ ವಾಲ್ವುಗಳ ಸಂದು ನೋಡಿ, ಸ್ಕ್ರೂ ತಿರುವಿ, ನಟ್ಟು ಬಿಗಿದ. ಚಾಲೂ ಮಾಡಿದಾಗ ಸದ್ದು ಅರ್ಧಕ್ಕರ್ಧ ಇಳಿದಿತ್ತು.

"ಇನ್ನೂ ಐತಲ್ಲೋ," ಅಂದರು ಗೌಡರು.

"ಅಷ್ಟು ಇರ್ಬೇಕ್ರಿ ಗೌಡ್ರ. ಕಾದ ಮ್ಯಾಲ ಕಬ್ಬಿಣ ಉಬ್ಬತೈತಿ. ಸಂದು ಇರ್ಲಿಲ್ಲಂದ್ರ ವಾಲ್ವು ಪೂರಾ ಮುಚ್ಚಂಗಿಲ್ಲ, ಸುಟ್ಟು ಹೋಗ್ತಾವ."

"ನನಗ ಪಾಠ ಹೇಳ್ತೀಯೇನಲೇ? ಬ್ಲೇಡು ಬಿಸಾಕು. ಸದ್ದು ಅಡಗೋ ತನಕ ಬಿಗಿ."

ಮಕ್ತುಂ ಸಾಬ ಸ್ಪ್ಯಾನರ್ ಕೆಳಗಿಟ್ಟ. ಬೆತ್ತ ಅವನ ಬೆನ್ನ ಮೇಲೆ ಎರಡು ಸಲ ಬಿತ್ತು. ಅವನು ಸ್ಪ್ಯಾನರ್ ಎತ್ತಿಕೊಂಡ.

ಎಂಟು ದಿನ ಕಾರು ಸದ್ದಿಲ್ಲದೆ ಓಡಿತು. ಪಕ್ಕೀರಪ್ಪನ ಹೆಗಲಿಗೂ ಎಂಟು ದಿನ ರಜೆ. ಒಂಬತ್ತನೆಯ ದಿನ ಗೌಡರು ಗಂಡಿನವರನ್ನು ಕೂರಿಸಿಕೊಂಡು ಬರುವಾಗ, ದಾವಣಗೆರೆ ರಸ್ತೆಯ ಅರಸೀಕೆರೆ ಹಳ್ಳಿ ದಾಟಿದ ಮೇಲೆ ಏರಿನಲ್ಲಿ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಬೀಗರಾಗಬೇಕಾದವರು ಜರತಾರಿ ಪಂಚೆ ಎತ್ತಿಕಟ್ಟಿ ನೂಕಿದರು. ಗೌಡರ ಮಾನ ಅಲ್ಲಿಯೇ ಮಣ್ಣುಪಾಲಾಯಿತು. ಅವರನ್ನು ಬಸ್ಸು ಹತ್ತಿಸಿದ ಮೇಲೆ ಕಾರು ನಾಲ್ಕರಲ್ಲಿ ಮೂರೇ ಸಿಲಿಂಡರಿನಲ್ಲಿ ಕುಂಟುತ್ತ ನೇರ ಗ್ಯಾರೇಜಿಗೆ ಬಂತು.

"ಏನ್ ಮಾಡಿಟ್ಟೀಯಲೇ ಸಾಬ?"

"ನಾ ಅವತ್ತ ಹೇಳಿದ್ನಲ್ರಿ."

ಅಷ್ಟೇ ಅಂದದ್ದು. ಗೌಡರು ಅವನ ಕುತ್ತಿಗೆ ಹಿಡಿದು ಬಾನೆಟ್ಟಿನೊಳಗೆ ಬಗ್ಗಿಸಿದರು. ಇಂಜಿನ್ನಿನ ಮಗ್ಗುಲಲ್ಲಿ ಹೊಗೆಯ ಪೈಪು ಕೆಂಡವಾಗಿತ್ತು.

"ಪಕ್ಕ್ಯಾ, ಹಿಡಿ ಅವನ ಕೈ. ಒತ್ತು."

ಪಕ್ಕೀರಪ್ಪ ಹಿಡಿದ. ಪೈಪಿಗೆ ಒತ್ತಿದ. ಹನ್ನೊಂದು ವರ್ಷ ನಡಿ ಅಂದಾಗ ನಡೆದ, ನಿಲ್ಲು ಅಂದಾಗ ನಿಂತ ಕೈಕಾಲು ಅವು. ಚರ್ಮ ಚುರ್ ಎಂದಿತು. ಮಕ್ತುಂ ಸಾಬ ಕಿರುಚಿದ. ಸುಟ್ಟ ಮಾಂಸದ ವಾಸನೆ ಮೂಗಿಗೆ ಹೊಡೆದ ಮೇಲೆಯೇ ತಾನೇನು ಮಾಡುತ್ತಿದ್ದೇನೆಂದು ಪಕ್ಕೀರಪ್ಪನಿಗೆ ತಿಳಿದದ್ದು. ಥೂ, ಅಂಥ ವಿಧೇಯತೆಗೆ ಬೆಂಕಿ ಬೀಳಲಿ.

ಮಧ್ಯಾಹ್ನ ಮಕ್ತುಂ ಸಾಬನ ಹೆಂಡತಿ ಸೈದಾ ಬೀ ಅವನ ಕೈಗೆ ಒದ್ದೆ ಬಟ್ಟೆ ಸುತ್ತಿ ಠಾಣೆಗೆ ಕರೆತಂದಳು. ಗ್ಯಾರೇಜಿನ ಸಾಲಿನವರೆಲ್ಲ ಹಿಂದೆಯೇ ಬಂದರು. ಗೌಡರು ಆಗಲೇ ಒಳಗೆ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಪಕ್ಕೀರಪ್ಪ ಬಾಗಿಲಲ್ಲಿ ನಿಂತಿದ್ದ.

"ಆಯ ತಪ್ಪಿ ತಾನ ಬಿದ್ದಾನ," ಅಂದರು ಗೌಡರು.

ಸಬ್ ಇನ್ಸ್‌ಪೆಕ್ಟರ್ ನಕ್ಕ. "ಏನ್ ಸಾಬ, ಗೌಡ್ರು ಕುತ್ತಿಗಿ ಹಿಡಿದಿದ್ರು ಅಂತಿ. ಹಂಗಾರ ನಿನ್ನ ಕೈ ಹಿಡಿದು ಒತ್ತಿದಾಂವ ಯಾರು? ಅವನ ಹೆಸರು ಹೇಳು."

ಮಕ್ತುಂ ಸಾಬ ಒಮ್ಮೆ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದ. ಪಕ್ಕೀರಪ್ಪನಿಗೆ ಮೂವರು ಮಕ್ಕಳಿರುವುದು ಅವನಿಗೆ ಗೊತ್ತು.

"ಯಾರ್ರೀ ಅದು? ಯಾಕ ಮುಚ್ಚಿಡ್ತೀರಿ?" ಸೈದಾ ಬೀ ಗಂಡನ ಭುಜ ಅಲುಗಿಸಿದಳು.

"ಹೆಸರಿಲ್ಲಂದ್ರ ಕೇಸಿಲ್ಲ. ನಡೀರಿ," ಎಂದು ಇನ್ಸ್‌ಪೆಕ್ಟರ್ ಪೆನ್ನು ಮುಚ್ಚಿದ.

ಪಕ್ಕೀರಪ್ಪ ಒಳಗೆ ಬಂದ. "ಹಿಡಿದಾಂವ ನಾನು, ಸಾಹೇಬ್ರ."

ಗೌಡರ ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತಿತು. "ಲೇ ಪಕ್ಕ್ಯಾ, ಜೈಲಿಗೆ ಹೋಗ್ತೀ."

"ಹೋಗ್ತೀನ್ರಿ. ತಪ್ಪು ಮಾಡೀನಿ." ಅವನು ಇನ್ಸ್‌ಪೆಕ್ಟರ್ ಕಡೆ ತಿರುಗಿದ. "ಬರ್ಕೊಳ್ರಿ. ಕೈ ಒತ್ತಿದಾಂವ ಪಕ್ಕೀರಪ್ಪ, ತಂದಿ ಸುಂಕಪ್ಪ. ಒತ್ತು ಅಂದಾಂವ ವೀರನಗೌಡ."

ಗೌಡರು ಎದ್ದು ಬೆತ್ತ ಬೀಸಿದರು. ಪಕ್ಕೀರಪ್ಪನ ಹಣೆ ಒಡೆದು ರಕ್ತ ಹುಬ್ಬಿನ ಮೇಲೆ ಇಳಿಯಿತು. ಅವನು ಒರೆಸಿಕೊಳ್ಳಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ಗ್ಯಾರೇಜಿನವರು ಒಬ್ಬೊಬ್ಬರಾಗಿ ಒಳಗೆ ಬಂದು ಅವನ ಸುತ್ತ ನಿಂತರು. ಬಾಗಿಲು ಜನರಿಂದಲೇ ಮುಚ್ಚಿಹೋಯಿತು.

ಸೈದಾ ಬೀ ಇನ್ಸ್‌ಪೆಕ್ಟರನ ಮುಂದಿನ ಪೆನ್ನನ್ನು ಅವನ ಕಡೆ ಸರಿಸಿದಳು.

"ಇದನ್ನೂ ಬರ್ಕೊಳ್ರಿ," ಅಂದಳು. "ಇದಕ್ಕ ಸಾಕ್ಷಿ ನೀವ ಅದೀರಿ."