ಹಳೇ ವಿಳಾಸಕ್ಕೆ ಬಂದ ಬ್ರೇಕಿನ ಕಾಗದ

ದೀಪಾವಳಿ ಮುಗಿದು ಮಳೆ ನಿಂತಿತ್ತು. ಮಹದೇವಪುರದ ಸುತ್ತ ಕಟ್ಟಡದ ಕೆಲಸಗಳು ಮತ್ತೆ ಬಿರುಸಾಗಿ, ಇಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ. ಕೃಷ್ಣರಾಜಪುರದ ಬಾಡಿಗೆ ಕೋಣೆಯ ಮುಂದೆ ಜಟ್ಟೆಪ್ಪನ ಲಾರಿ ಆ ಬೆಳಿಗ್ಗೆಯೂ ಇಟ್ಟಿಗೆ ಹೊತ್ತು ನಿಂತಿತ್ತು. ಅವನು ಟೈರುಗಳನ್ನು ರಾಡಿನಿಂದ ಬಡಿದು ನೋಡುತ್ತಿದ್ದ. ಹೆಂಡತಿ ಯಂಕಮ್ಮ ಇಬ್ಬರಿಗೂ ಬುತ್ತಿ ಕಟ್ಟುತ್ತಿದ್ದಳು. ಇಟ್ಟಿಗೆ ಇಳಿಸುವ ಆಳು ಅವಳೇ; ದಿನವೂ ಗಂಡನ ಪಕ್ಕದಲ್ಲಿ ಕೂತು ಹೋಗುವವಳು.

ಅಷ್ಟರಲ್ಲಿ ಹೊಸ ತಿಪ್ಪಸಂದ್ರದ ಮುನಿಕೃಷ್ಣಪ್ಪ ಸ್ಕೂಟರಿನಿಂದ ಇಳಿದರು. ಎರಡು ವರ್ಷದ ಹಿಂದೆ ಈ ಲಾರಿಯನ್ನು ಮಾರಿದವರು ಅವರೇ. ಕೈಯಲ್ಲೊಂದು ಲಕೋಟೆ.

“ಜಟ್ಟೆಪ್ಪಾ, ಲಾರಿ ಕಂಪನಿಯಿಂದ ಕಾಗದ ಬಂದಿದೆ ಕಣಪ್ಪಾ. ಆರ್‌ಸಿ ಪುಸ್ತಕದಲ್ಲಿ ಇನ್ನೂ ನನ್ನ ಹೆಸರೇ ಇದೆಯಲ್ಲ, ನಮ್ಮನೆಗೇ ಬಂತು. ಈ ಲಾರಿ ಜೊತೆ ತಯಾರಾದ ಗಾಡಿಗಳಲ್ಲಿ ಬ್ರೇಕ್ ಒಳಗಿನ ರಬ್ಬರ್ ಬೇಗ ಸೀಳ್ತಾ ಇದೆಯಂತೆ. ಸೀಳಿದ್ರೆ ಗಾಳಿ ಸೋರಿ ಬ್ರೇಕ್ ಹಿಡಿಯಲ್ಲ. ಪುಕ್ಕಟೆ ಬದಲಾಯಿಸಿ ಕೊಡ್ತಾರಂತೆ.”

ಜಟ್ಟೆಪ್ಪ ನಕ್ಕ. “ಪುಕ್ಕಟೆ! ಅಣ್ಣಾರ, ಈ ಊರಾಗ ಟೈರಿಗೆ ಗಾಳಿ ಸುದ್ದಾ ಪುಕ್ಕಟೆ ಹಾಕಂಗಿಲ್ಲ. ನಿನ್ನೆ ಹ್ಯಾಂಗಿಂಗ್ ಬ್ರಿಡ್ಜ್ ಇಳಿಯಾಗ ಹೇಳಿದಲ್ಲೇ ನಿಂತದ ನನ್ನ ಗಾಡಿ.”

“ನಿನ್ನೆ ನಿಂತಿದ್ದು ಇವತ್ತೂ ನಿಲ್ಲುತ್ತೆ ಅಂತ ಯಾರಾದ್ರೂ ಬರ್ಕೊಟ್ಟಿದ್ದಾರಾ?”

ಗಂಡನ ಅಳುಕು ಬೇರೆಯೇ ಇದೆಯೆಂದು ಯಂಕಮ್ಮನಿಗೆ ಗೊತ್ತಿತ್ತು. ಹೆಸರು ಬದಲಿಸುವುದನ್ನು ಅವನು ಇವತ್ತು ನಾಳೆ ಎಂದು ತಳ್ಳಿಕೊಂಡೇ ಬಂದಿದ್ದ. ವರ್ಕ್‌ಶಾಪಿನವರು ಪುಸ್ತಕ ಕೇಳಿ ಗಾಡಿಯನ್ನೇ ಹಿಡಿದಿಟ್ಟುಕೊಂಡರೆ? ಅವಳು ಅದನ್ನೇ ಬಾಯಿಬಿಟ್ಟು ಕೇಳಿದಳು.

“ಅವರೇನು ಪೊಲೀಸ್ನೋರಲ್ಲ ಕಣಮ್ಮಾ. ಅವರಿಗೆ ಬೇಕಿರೋದು ಚಾಸಿ ನಂಬರ್ ಅಷ್ಟೇ. ನಾನೇ ಫೋನ್ ಮಾಡಿ ಕೇಳಿದೀನಿ.”

“ಬ್ಯಾರೆ ಯಾವುದೋ ಗಾಡಿ ನಂಬರ್ ಇದ್ದೀತು ಬಿಡ್ರಿ,” ಎಂದ ಜಟ್ಟೆಪ್ಪ.

ಮುನಿಕೃಷ್ಣಪ್ಪ ಲಾರಿಯ ಪಕ್ಕ ಬಗ್ಗಿದರು. ಚಾಸಿಯ ಮೇಲೆ ಕೊರೆದ ನಂಬರಿಗೆ ಹಾಳೆಯಿಟ್ಟು ಪೆನ್ಸಿಲಿನಿಂದ ಉಜ್ಜಿದರು. ಅಂಕಿಗಳು ಮೂಡಿದವು. ಯಂಕಮ್ಮನಿಗೆ ಓದು ಬಾರದು. ಆದರೆ ಬಸ್ಸಿನ ನಂಬರು ನೋಡಿ ನೋಡಿ ಅಂಕಿಗಳೆಲ್ಲ ಗುರುತಾಗಿದ್ದವು. ಹಾಳೆಯನ್ನೂ ಕಂಪನಿಯ ಕಾಗದದಲ್ಲಿದ್ದ ನಂಬರನ್ನೂ ಪಕ್ಕಪಕ್ಕ ಹಿಡಿದು ಒಂದೊಂದಕ್ಕೂ ಬೆರಳಿಟ್ಟಳು. ಕೊನೆಯ ಏಳರ ತನಕ ಒಂದೂ ತಪ್ಪಲಿಲ್ಲ.

“ಇದು ನಮ್ಮದೇ. ನಾ ಇವತ್ತು ಗಾಡಿ ಏರಂಗಿಲ್ಲ. ನಿನಗೂ ಏರಾಕ ಬಿಡಂಗಿಲ್ಲ.”

“ಅಲ್ಲಿ ಮೇಸ್ತ್ರಿ ಇಟ್ಟಿಗಿ ಕಾಯ್ಕೊಂತ ಕುಂತಾನ!”

“ಕುಂದ್ರಲಿ. ಇಟ್ಟಿಗಿ ಏನ್ ಹಾಲಾ, ಕೆಡಾಕ?”

ಮುನಿಕೃಷ್ಣಪ್ಪ ಬೂತಿನಿಂದ ವರ್ಕ್‌ಶಾಪಿಗೆ ಫೋನ್ ಮಾಡಿದರು. ಲೋಡ್ ಇದ್ದರೆ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕಳಿಸುತ್ತೇವೆ ಎಂದರಂತೆ. ಮಧ್ಯಾಹ್ನದ ಹೊತ್ತಿಗೆ ಅಹ್ಮದ್ ಪಾಷಾ ಸಾಮಾನಿನ ಚೀಲ ಹಿಡಿದು ಬಂದ. ಚಕ್ರಗಳಿಗೆ ಕಲ್ಲು ಕೊಡಿಸಿ, ಬ್ರೇಕ್ ಬಿಚ್ಚಿ, ಕರೀ ರಬ್ಬರನ್ನು ಬೆಳಕಿಗೆ ಹಿಡಿದು ಬಗ್ಗಿಸಿದ. ಅಂಚಿನುದ್ದಕ್ಕೂ ಕೂದಲೆಳೆಯಂಥ ಸೀಳು.

“ನೋಡಿ ಅಕ್ಕಾ, ಇನ್ನೂ ಪೂರಾ ಹರ್ದಿಲ್ಲ. ಅದಕ್ಕೇ ಇಷ್ಟು ದಿನ ಗಾಡಿ ನಿಂತಿದೆ. ಎಂಥಾ ಡ್ರೈವರ್ ಕಾಲಿಗೂ ಇದು ಗೊತ್ತಾಗಲ್ಲ.”

ಜಟ್ಟೆಪ್ಪ ಆ ಸೀಳಿನ ಮೇಲೆ ಉಗುರೆಳೆದು ನೋಡಿದ. ಹೊಸ ರಬ್ಬರುಗಳು ಕೂತು, ಬ್ರೇಕ್ ಒತ್ತಿ ನೋಡಿದ ಮೇಲೆ ಕೇಳಿದ: “ಎಷ್ಟಾತು ಭಾಯ್?”

“ಒಂದು ಸೈನು, ಒಂದು ಚಾ.”

ಚಹಾ ಕುಡಿಯುತ್ತಾ ಜಟ್ಟೆಪ್ಪ ಮುನಿಕೃಷ್ಣಪ್ಪನವರ ಕಡೆ ತಿರುಗಿದ. “ಅಣ್ಣಾರ, ನಾಳೆ ಆರ್‌ಟಿಓ ಆಫೀಸಿಗೆ ಹೋಗಮೇನ್ರಿ? ಹೆಸರು ಬದಲಿ ಮಾಡಿಸಿಬಿಡಮು.”

“ಎರಡು ವರ್ಷದಿಂದ ನಾನು ಬಡ್ಕೋತಿರೋದು ಇನ್ನೇನು?”

ಲಾರಿ, ಬಸ್ಸು, ಟೆಂಪೋ ಇಟ್ಟುಕೊಂಡಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದರೆ ಇಂದೇ ಹೆಸರು, ವಿಳಾಸ ಬದಲಿಸಿಕೊಳ್ಳಿ. ಇಲ್ಲದಿದ್ದರೆ ಕಂಪನಿಯ ಕಾಗದ ನಿಮಗೆ ಸಿಗುವುದಿಲ್ಲ. ನೀವು ಮಾರಿದ ಗಾಡಿಯ ಕಾಗದ ನಿಮ್ಮ ಮನೆಗೆ ಬಂದರೆ ಹರಿದು ಬಿಸಾಡಬೇಡಿ, ಕೊಂಡವರ ಕೈಗೆ ಮುಟ್ಟಿಸಿ. ಅನುಮಾನವಿದ್ದರೆ ಚಾಸಿ ನಂಬರ್ ಹೇಳಿ ವರ್ಕ್‌ಶಾಪಿನಲ್ಲಿ ವಿಚಾರಿಸಿ. ಬ್ರೇಕ್ ಚೆನ್ನಾಗಿ ಹಿಡಿಯುತ್ತಿದೆಯಲ್ಲ ಎನ್ನುತ್ತೀರಾ? ಹಿಡಿಯುತ್ತಿರುವಾಗಲೇ ತೋರಿಸಿ. ಇಳಿಜಾರಿನಲ್ಲಿ ಅದು ಕೈಕೊಟ್ಟ ಮೇಲೆ ಕಾಗದ ಓದಲು ಪುರುಸೊತ್ತಿರುವುದಿಲ್ಲ.