ತಗ್ಗಿನ ಬೀದಿಯ ಕೊನೆಯ ವಾಲ್ವ್

"ಬಂತು!" ಎಂದು ಅಕ್ಕ ಕೂಗಿದ ಕೂಗಿಗೆ ಊರಾಚೆಯ ಹಕ್ಕಿಗಳೆಲ್ಲ ಹಾರಿಹೋದವು. ಬಚ್ಚಲ ಜಾಲರಿಯಿಂದ ಕಪ್ಪು ನೀರು ಗುಳುಗುಳು ಉಕ್ಕಿ, ಹೊಸ್ತಿಲು ದಾಟಿ, ಹೊಲಿಗೆ ಮಷೀನಿನ ಕಾಲು ಮುಟ್ಟಿತ್ತು. ಹೊಲಿದು ಮಡಚಿಟ್ಟ ಶಾಲಾ ಸಮವಸ್ತ್ರಗಳ ಗಂಟನ್ನು ಅವಳು ತಲೆಯ ಮೇಲೆ ಹೊತ್ತು ನಿಂತಿದ್ದಳು. ಗುಡ್ಡದ ಮೇಲಿನ ಹೊಸ ಬಡಾವಣೆಯವರು ಸ್ನಾನಕ್ಕೆ ಇಳಿದರೆಂದರೆ ತಗ್ಗಿನ ಬೀದಿಯಲ್ಲೂ ತಗ್ಗಾದ ಈ ಮನೆಗೆ ದಿನವೂ ಇದೇ ಬೆಳಗು.

ಬಡಾವಣೆಯಾದರೂ ಎಂಥದ್ದು! ಮಲಗುವಾಗ ಬಯಲು, ಏಳುವಾಗ ಏಳಂತಸ್ತು. ಅಷ್ಟೂ ಮನೆಗಳ ಕೊಳಕು ಅಜ್ಜಂದಿರ ಕಾಲದ ಒಂದೇ ಒಳಚರಂಡಿಯಲ್ಲಿ ಇಳಿದು ಬರಬೇಕು. ಆನೆಯ ಹೊಟ್ಟೆಗೆ ಇರುವೆಯ ಗಂಟಲು.

ಅಕ್ಕನ ತಮ್ಮ ಪ್ಲಂಬರ್. ಅವನ ಸರೀಕ ಭೂಮಂಡಲದಲ್ಲೇ ಇಲ್ಲ. ಬೇಕಾದರೆ ಅವನನ್ನೇ ಕೇಳಿ. ಬೀದಿಯ ಪ್ರತಿ ಮನೆಯ ಕೊಳವೆಗೂ ಅವನು ಒಂದೊಂದು ವಾಲ್ವ್ ಕೂರಿಸಿದ್ದ. ಮನೆಯದು ಹೊರಗೆ ಹೋಗುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ಉಳಿದದ್ದು ಅಕ್ಕನ ಮನೆಯೊಂದೇ. ಬೀದಿಗೆ ಬೀದಿಯೇ ಬಾಯಿ ಮುಚ್ಚಿಕೊಂಡ ಮೇಲೆ ಕೊಳವೆ ಇನ್ನೆಲ್ಲಿ ಕಾರಬೇಕು?

"ನಿನ್ನ ಹಟಕ್ಕೆ ಬೆಂಕಿ ಬೀಳ! ಅರ್ಧ ಗಂಟೆ ಕೆಲ್ಸ ಅಕ್ಕಾ, ಹಾಕಿಬಿಡ್ತೀನಿ," ಎಂದ ತಮ್ಮ.

"ನಾನೂ ಮುಚ್ಚಿದ್ರೆ ಆಮೇಲೆ ಎಲ್ಲಿ ಉಕ್ಕತ್ತೆ, ಅದನ್ನ ಹೇಳು."

ತಮ್ಮ ಗಡ್ಡ ಕೆರೆದುಕೊಂಡ. "ನಿನ್ನ ಬಿಟ್ರೆ ತಗ್ಗು ಅಂದ್ರೆ... ಶಾಲೆ."

"ಥೂ! ಆ ಮಕ್ಕಳ ಮೈಮೇಲಿನ ಬಟ್ಟೆ ಹೊಲಿಯೋಳು ನಾನು. ಅವರ ಕಾಲಡಿಗೆ ಇದನ್ನ ಬಿಡ್ಲಾ?"

"ಹಾಗಾದ್ರೆ ಮುಳುಗು! ವಾಸನೆ ಹೊಡೆಯತ್ತೆ ಅಂತ ಆಗ್ಲೇ ಒಂದು ಗಂಟು ವಾಪಸ್ ಬಂದಿದೆ. ಇನ್ನೊಂದ್ಸಲ ಬಂದ್ರೆ ಕೆಲ್ಸ ಬೇರೆಯವರ ಪಾಲು. ಆಮೇಲೆ ಮಷೀನಿಗೆ ಹೂವು ಮುಡಿಸಿ ನೋಡ್ತಾ ಕೂತ್ಕೋ."

ಆ ಮಧ್ಯಾಹ್ನವೇ ಅಕ್ಕ ತಮ್ಮನನ್ನು ಎಳೆದುಕೊಂಡು ಒಳಚರಂಡಿ ಮಂಡಳಿಯ ಕಚೇರಿಗೆ ಹೋದಳು. ಮಹಡಿಯ ಮೇಲೆ, ಹುಲ್ಲುಗಾವಲಿನಷ್ಟು ದಪ್ಪನೆಯ ನೆಲಹಾಸಿನ ಕೋಣೆಯಲ್ಲಿ ಮುಖ್ಯಸ್ಥ ಕೂತಿದ್ದ. ಏನು ಕೇಳಿದರೂ "ಹಂತ ಹಂತವಾಗಿ ಮಾಡೋಣ" ಎನ್ನುತ್ತಿದ್ದುದರಿಂದ ಊರು ಅವನಿಗೆ ಹಂತಪ್ಪ ಎಂದು ಹೆಸರಿಟ್ಟಿತ್ತು. ಹುಟ್ಟುಹೆಸರು ಹೆತ್ತ ತಾಯಿಗೂ ಮರೆತುಹೋಗಿತ್ತು.

"ಹೊಸ ಪಂಪ್‌ಹೌಸಿಗೆ ಅಂತ ಎಲ್ಲರ ಹತ್ರ ಕರ ವಸೂಲಿ ಮಾಡಿದ್ರಲ್ಲ, ಎಲ್ಲಿ ಸಾಹೇಬ್ರೆ ಪಂಪ್‌ಹೌಸು?" ಎಂದಳು ಅಕ್ಕ.

"ನೋಡಮ್ಮಾ, ಆ ದುಡ್ಡಲ್ಲಿ ಬಡಾವಣೆಗೆ ಪೈಪ್ ಎಳೆದ್ವಿ. ಬಡಾವಣೆ ಬೆಳೆದ್ರೆ ತಾನೇ ಮಂಡಳಿಗೆ ಆದಾಯ? ಆದಾಯ ಬಂದ್ರೆ ತಾನೇ ನಿಮ್ಮ ಪಂಪು? ಹಂತ ಹಂತವಾಗಿ ಮಾಡೋಣ."

"ಆ ಕರಾನ ನಾವು ಹಂತ ಹಂತವಾಗಿ ಕಟ್ತೀವಿ ಅಂದಾಗ ನಮ್ಮ ನಲ್ಲಿ ಕಿತ್ಕೊಂಡು ಹೋಗಿದ್ರಿ!"

ಹಂತಪ್ಪ ನಕ್ಕ. "ಕೆಳಗಿರೋರು ಸ್ವಲ್ಪ ಸಹಿಸ್ಕೋಬೇಕಮ್ಮ. ನೀರು ಕೆಳಕ್ಕೇ ತಾನೇ ಹರಿಯೋದು? ನಾನೇನು ಮಾಡ್ಲಿ?"

ಅಕ್ಕ ಅವನನ್ನು ನೋಡಿದ ನೋಟಕ್ಕೆ ಗೋಡೆಯ ಸುಣ್ಣ ಉದುರಿತು. ಅವನ ಒಂದು ಕೂದಲೂ ಅಲುಗಲಿಲ್ಲ.

ಮೆಟ್ಟಿಲು ಇಳಿಯುತ್ತ ಅವಳು ತಮ್ಮನ ತೋಳು ಹಿಡಿದಳು. "ಶಾಲೆಗೂ ವಾಲ್ವ್ ಹಾಕಿ, ನನಗೂ ಹಾಕಿದ್ರೆ ಆಮೇಲೆ ಎಲ್ಲಿ ಉಕ್ಕತ್ತೆ?"

ತಮ್ಮ ಬೀದಿಯನ್ನು ನೋಡಿದ, ಶಾಲೆಯನ್ನು ನೋಡಿದ, ಕೊನೆಗೆ ತನ್ನ ಕಾಲಡಿಯ ನುಣುಪು ಕಲ್ಲು ನೋಡಿದ. ಅವನ ಬಾಯಿ ಕಿವಿಯವರೆಗೂ ಹೋಯಿತು. "ಇಲ್ಲಿ! ಈ ಕಚೇರಿ!"

"ಮೊದಲು ಶಾಲೆಗೆ ಹಾಕು. ಆಮೇಲೆ ನನಗೆ."

ಮರುದಿನ ಬೆಳಿಗ್ಗೆ ಗುಡ್ಡದವರು ಸ್ನಾನ ಮುಗಿಸಿದರೂ ಬಚ್ಚಲು ಒಣಗಿಯೇ ಇತ್ತು. ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟುವಂತೆ ಅಕ್ಕ ಜಾಲರಿಯನ್ನು ಮುಟ್ಟಿ ನೋಡಿದಳು. ಮಷೀನು ಊರಿಗೆಲ್ಲ ಕೇಳುವಂತೆ ಓಡತೊಡಗಿತು. "ನನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು," ಎಂದು ತಮ್ಮ ಕಟ್ಟೆಯ ಮೇಲೆ ಕೂತು ಹೊಗಳಿಕೊಳ್ಳುತ್ತಿದ್ದ.

ಆಗ ಕಚೇರಿ ಗುಡಿಸುವವಳು ಬಾಗಿಲಿಗೆ ಬಂದಳು. ಬಟ್ಟೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು. ಕಾಲೆರಡೂ ಕಪ್ಪು.

"ಅಕ್ಕಾ, ಒಂದು ಬಕೆಟ್ ಇದ್ರೆ ಕೊಡಿ. ಕೆಳಗಡೆ ಪೂರ್ತಿ ತುಂಬಿಬಿಟ್ಟಿದೆ. ನನ್ನದೊಂದ್ರಲ್ಲಿ ತೋಡಿ ಮುಗಿಯಲ್ಲ."

"ಸಾಹೇಬ್ರು?"

"ಫೋನ್ ಮಾಡಿದ್ದೆ. ಕ್ಲೀನ್ ಆದ ಮೇಲೆ ಹೇಳು, ಬರ್ತೀನಿ ಅಂದ್ರು."

ಮಷೀನು ನಿಂತಿತು. ತಮ್ಮ ಕಟ್ಟೆಯಿಂದ ಮೆಲ್ಲಗೆ ಇಳಿದ. "ಇವಳ ತಲೆ ಮೇಲೆ ಬೀಳತ್ತೆ ಅಂತ ಯಾರಿಗೆ ಗೊತ್ತಿತ್ತು..." ಅಕ್ಕ ಅವನ ಕಡೆ ತಿರುಗಿಯೂ ನೋಡಲಿಲ್ಲ. ಚಪ್ಪಲಿ ಮೆಟ್ಟದೆ ಹೊರಟಳು.

ಕಚೇರಿಯ ನೆಲಮಹಡಿ ಕೆರೆಯಾಗಿತ್ತು. ಕುರ್ಚಿಯೊಂದು ದೋಣಿಯ ಹಾಗೆ ತಿರುಗುತ್ತಿತ್ತು. ಗುಡಿಸುವವಳು ತನ್ನ ಬಕೆಟ್ ಹಿಡಿದು ಬಗ್ಗಿದಳು. ಅಕ್ಕ ಅವಳ ಮಣಿಕಟ್ಟು ಹಿಡಿದಳು.

"ಕೈ ಹಚ್ಚಬೇಡ."

"ನನ್ನ ಕೆಲ್ಸ ಹೋಗತ್ತೆ ಅಕ್ಕಾ."

"ದರ್ಜಿ ಬಂದು ಬಕೆಟ್ ಕಿತ್ಕೊಂಡ್ಲು ಅನ್ನು." ಕಿತ್ತುಕೊಂಡೂ ಬಿಟ್ಟಳು. ಅದನ್ನು ಒಣಗಿದ ಮೆಟ್ಟಿಲ ಮೇಲೆ ಬೋರಲು ಹಾಕಿ, ಗುಡಿಸುವವಳನ್ನು ಅದರ ಮೇಲೆ ಕೂರಿಸಿದಳು.

ಆಮೇಲೆ ಮೊಣಕಾಲುದ್ದ ಕೊಳಕಿನಲ್ಲಿ ಒಂದು ಸುತ್ತು ನಡೆದಳು. ಮಹಡಿ ಹತ್ತಿದಳು. ಮುಖ್ಯಸ್ಥನ ಮೇಜಿನ ಫೋನಿನಲ್ಲಿ, ಜೇನು ಸುರಿಯುವ ದನಿಯಲ್ಲಿ, "ಎಲ್ಲಾ ಆಗಿದೆ ಸಾಹೇಬ್ರೆ, ಬನ್ನಿ," ಎಂದಳು. ಹೇಳಿ ಅವನ ಕುರ್ಚಿಯಲ್ಲೇ ಕೂತಳು.

ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಬಾಗಿಲಿಂದ ಕುರ್ಚಿಯವರೆಗೆ ನೆಲಹಾಸಿನ ಮೇಲೆ ಬರಿಗಾಲಿನ ಹೆಜ್ಜೆಗಳು ಸಾಲಾಗಿ ಮೂಡಿದ್ದವು, ಬೆರಳು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ. ಇನ್ನೂ ಒಣಗಿರಲಿಲ್ಲ.